ಕೊಕ್ಕೋಟೆಪ್ ಮಹಾರಾಜರಿಗೆ ಹಲ್ಲು

ಜಗತ್ತಿನ ಎಷ್ಟೋ ಮಹಾಯುದ್ಧಗಳು ತೀರ ಸಣ್ಣ ಕಾರಣಕ್ಕೆ ಶುರುವಾದವು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ನಮ್ಮ ಮನೆಯದು ಒಂದು ಕೋಳಿಯಿಂದ ಶುರುವಾಯಿತು. ಕೋಳಿ ಎಂದರೆ ಅಂಗಳದಲ್ಲಿ ಓಡಾಡುವ ಕೋಳಿಯಲ್ಲ. ಅಂಗಡಿಯಿಂದ ತಂದ, ಪುಕ್ಕ ಕಿತ್ತ, ತಲೆಯಿಲ್ಲದ, ಸೂಪಿಗೆಂದು ಫ್ರಿಜ್ಜಿನಲ್ಲಿ ತೆಪ್ಪಗೆ ಮಲಗಿದ್ದ ಕೋಳಿ. ಅಂಥ ನಿರಪರಾಧಿಯನ್ನು ಸಿಂಹಾಸನಕ್ಕೆ ಏರಿಸಿದವನು ನಾನು. ಆಮೇಲೆ ಆದದ್ದಕ್ಕೆಲ್ಲ ನಾನೊಬ್ಬನೇ ಹೊಣೆ ಎಂದು ನನ್ನ ಹೆಂಡತಿ ಲೊರೀನ್ ಹೇಳುತ್ತಾಳೆ. ಅತ್ತೆಯವರೂ ಅದನ್ನೇ ಹೇಳುತ್ತಾರೆ, ಆದರೆ ಇನ್ನೂ ಸ್ಪಷ್ಟವಾದ ಉಚ್ಚಾರಣೆಯಲ್ಲಿ. (ಅವರ ಉಚ್ಚಾರಣೆಯ ಮಾತು ಇಲ್ಲಿ ಯಾಕೆ ಬಂತು ಎಂಬುದು ಸ್ವಲ್ಪ ಮುಂದೆ ಹೋದರೆ ತಿಳಿಯುತ್ತದೆ.)

ನಮ್ಮ ಮಕ್ಕಳನ್ನು ನಾವು ಶಾಲೆಗೆ ಕಳಿಸುವುದಿಲ್ಲ. ಮಿಸೌರಿಯ ನಮ್ಮ ಕಡೆ ಇದೇನೂ ವಿಶೇಷವಲ್ಲ. ನಮ್ಮ ರಸ್ತೆಯ ಎಷ್ಟೋ ಮನೆಗಳಲ್ಲಿ ಊಟದ ಮೇಜೇ ಶಾಲೆ, ಅಮ್ಮನೇ ಹೆಡ್‌ಮಿಸ್ಟ್ರೆಸ್, ನಾಯಿಯೇ ಜವಾನ. ನಮ್ಮಲ್ಲಿ ಲೆಕ್ಕ, ವ್ಯಾಕರಣ, ವಿಜ್ಞಾನ ಇವೆಲ್ಲ ಲೊರೀನಳ ಖಾತೆ. ಅವಳ ಖಾತೆಗಳು ಚೆನ್ನಾಗಿಯೇ ನಡೆಯುತ್ತವೆ. ಹತ್ತು ವರ್ಷದ ಹೆಸ್ಟರ್ ಭಿನ್ನರಾಶಿಯನ್ನು ಆಪಲ್ ಪೈ ಕತ್ತರಿಸಿದಷ್ಟು ಸಲೀಸಾಗಿ ಮಾಡುತ್ತಾಳೆ. ಏಳು ವರ್ಷದ ರೂಫಸ್ ಪೈಯನ್ನು ಭಿನ್ನರಾಶಿಯ ಹೆಸರಿನಲ್ಲಿ ಪೂರ್ತಿ ತಿಂದು ಮುಗಿಸುತ್ತಾನೆ. ಜಗತ್ತಿನ ಚರಿತ್ರೆ ಮಾತ್ರ ನನ್ನ ಖಾತೆ. ಯಾಕೆಂದರೆ ಒಂದು ದಿನ ಊಟಕ್ಕೆ ಕೂತಾಗ, “ಚರಿತ್ರೆಯನ್ನ ಬಾಯಿಂದ ಕಲಿಸ್ಬಾರ್ದು, ಕೈಯಿಂದ ಕಲಿಸ್ಬೇಕು,” ಎಂದು ನಾನು ಭಾಷಣ ಮಾಡಿದ್ದೆ. “ಸರಿ, ನೀನೇ ಕಲಿಸು,” ಎಂದು ಲೊರೀನ್ ತಟ್ಟೆ ಎತ್ತಿಕೊಂಡು ಹೋದಳು. ನಮ್ಮ ಮನೆಯಲ್ಲಿ ಖಾತೆ ಹಂಚಿಕೆ ಆಗುವುದು ಹೀಗೆ.

ನನಗೆ ಅರ್ಹತೆ ಇರಲಿಲ್ಲವೆಂದಲ್ಲ. ಹಂದಿ ಸಾಕುತ್ತಿದ್ದ ಟಾರ್ಬೆಟ್ ವಂಶದಲ್ಲಿ ಕಾಲೇಜಿಗೆ ಹೋದ ಮೊದಲಿಗ ನಾನು. ಈಗ ಜಿಲ್ಲೆಯ ಕೃಷಿ ಕಚೇರಿಯಲ್ಲಿ ರೈತರ ಮಣ್ಣು ಪರೀಕ್ಷೆ ಮಾಡಿ, ಯಾವ ಹೊಲಕ್ಕೆ ಎಷ್ಟು ಸುಣ್ಣ ಹಾಕಬೇಕೆಂದು ಹೇಳುವುದು ನನ್ನ ಉದ್ಯೋಗ. ಚರಿತ್ರೆ ಎಂದರೆ ಏನು? ಹಳೆಯ ಮಣ್ಣು ತಾನೆ?

ತೊಡಕು ಇದ್ದದ್ದು ಅತ್ತೆಯವರಲ್ಲಿ. ಶ್ರೀಮತಿ ಆರ್ಡಿತ್ ಕ್ರಾಬ್‌ಟ್ರೀ ಅವರು ನಿವೃತ್ತರಾಗುವವರೆಗೂ ನಮ್ಮೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆಯ ಟೀಚರ್ ಆಗಿದ್ದರು. ನನಗೂ ಅವರೇ ಪಾಠ ಮಾಡಿದ್ದು. ಪಾಸು ಮಾಡಲು ಅವರಿಗೆ ಮನಸ್ಸಿರಲಿಲ್ಲ, ಆದರೆ ಇನ್ನೊಂದು ವರ್ಷ ನನ್ನ ಮುಖ ನೋಡಲೂ ಮನಸ್ಸಿರಲಿಲ್ಲವಾದ್ದರಿಂದ ಪಾಸು ಮಾಡಿದರು. ಆ ಉಪಕಾರಕ್ಕೆ ಪ್ರತಿಯಾಗಿ ನಾನು ಅವರ ಮಗಳನ್ನೇ ಮದುವೆಯಾದೆ. ಇವತ್ತಿಗೂ ಅವರು ನನ್ನನ್ನು ಕರೆಯುವುದು “ಮಿಸ್ಟರ್ ಟಾರ್ಬೆಟ್” ಎಂದು. ನಾನು ಅವರನ್ನು ಕರೆಯುವುದು “ಟೀಚರ್” ಎಂದು. ಅವರು ಕೋಣೆಗೆ ಬಂದರೆ ನನ್ನ ಕಾಲು ತಾನಾಗಿ ಎದ್ದು ನಿಲ್ಲುತ್ತದೆ.

ಮೊಮ್ಮಕ್ಕಳು ಶಾಲೆಗೆ ಹೋಗದಿರುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಕ್ರಿಸ್‌ಮಸ್ ಊಟಕ್ಕೆ ಬಂದವರು ಆಲೂಗಡ್ಡೆ ಬಡಿಸಿಕೊಳ್ಳುತ್ತಾ ರೂಫಸನ ಕಡೆ ತಿರುಗಿದರು.

“ರೂಫಸ್, ಪ್ಯಾರಿಸ್ ಎಲ್ಲಿದೆ ಹೇಳು ಕಂದ.”

“ಮಿಸೌರಿಯಲ್ಲಿ, ಅಜ್ಜಿ.”

“ಮೆಕ್ಸಿಕೊ?”

“ಅದೂ ಮಿಸೌರಿ.”

“ರಾಜರ ದೊಡ್ಡ ಅರಮನೆ ಇರೋ ವರ್ಸೇಲ್ಸ್?”

“ಅರಮನೆ ಗೊತ್ತಿಲ್ಲ. ಅಲ್ಲಿ ನಮ್ಮ ಟ್ರಕ್ ಪಂಕ್ಚರ್ ಆಗಿತ್ತು. ಒಳ್ಳೇ ಹಾಟ್‌ಡಾಗ್ ಸಿಗುತ್ತೆ.”

(ಹುಡುಗ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ರಾಜ್ಯಕ್ಕೆ ಬಂದು ನೆಲೆಸಿದ ಹಿರಿಯರು ಊರಿಗೆ ಹೆಸರಿಡುವಾಗ ಜಗತ್ತಿನ ಭೂಪಟವನ್ನೇ ಲೂಟಿ ಮಾಡಿದ್ದಾರೆ. ಅದಕ್ಕೆ ನಾನೇನು ಮಾಡಲಿ?)

ಅತ್ತೆ ಚಮಚ ಕೆಳಗಿಟ್ಟರು. “ಲೊರೀನ್, ನಾನು ಈಸ್ಟರಿಗೆ ಮತ್ತೆ ಬರ್ತೀನಿ. ಮಕ್ಕಳಿಗೆ ಜಗತ್ತಿನ ಚರಿತ್ರೆಯಲ್ಲಿ ನಾನೇ ಪರೀಕ್ಷೆ ಮಾಡ್ತೀನಿ. ಪಾಸಾದ್ರೆ ಇನ್ನು ನಾನು ಬಾಯಿ ತೆಗೆಯಲ್ಲ. ಫೇಲಾದ್ರೆ ಆಗಸ್ಟಿನಿಂದ ಇಬ್ಬರೂ ಶಾಲೆಗೆ. ಒಪ್ಪಿಗೆನಾ?”

ಲೊರೀನ್ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ‘ಮುಳುಗಿಸಿದೆಯಲ್ಲ’ ಎಂಬುದೆಲ್ಲ ಇತ್ತು. “ಒಪ್ಪಿಗೆ, ಅಮ್ಮ,” ಎಂದಳು.

“ಮಿಸ್ಟರ್ ಟಾರ್ಬೆಟ್?”

ನಾನು ಎದ್ದು ನಿಂತು, “ಒಪ್ಪಿಗೆ, ಟೀಚರ್,” ಎಂದೆ.

ಒಪ್ಪಿದೆನೇನೋ ನಿಜ, ಆದರೆ ನಮ್ಮ ಮನೆಯ ದಿನಚರಿ ನೋಡಿ. ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಒಬ್ಬಳು ಮಗ್ಗಿ ಹೇಳುತ್ತಿರುತ್ತಾಳೆ, ಒಬ್ಬ ಮೇಜಿನಡಿ ನಾಯಿಗೆ ಓದು ಕಲಿಸುತ್ತಿರುತ್ತಾನೆ. ಮಧ್ಯಾಹ್ನ ಬೇಗ ಮನೆಗೆ ಬಂದರೆ ಇಬ್ಬರೂ ಗೇಟಿನ ಮೇಲೆ ಹತ್ತಿ ಕೂತಿರುತ್ತಾರೆ. ಆ ಗೇಟು ಖಾಲಿ ಇರುವುದನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ಮಕ್ಕಳನ್ನು ಉಳಿಸಿಕೊಳ್ಳಲೇಬೇಕು. ಅದಕ್ಕಾಗಿ ಜಗತ್ತಿನ ಐದು ಸಾವಿರ ವರ್ಷಗಳನ್ನು ಈಸ್ಟರಿನೊಳಗೆ ಮುಗಿಸಲೇಬೇಕು.

ಹೊಸ ವರ್ಷದ ಮೊದಲ ವಾರ ಈಜಿಪ್ಟಿನಿಂದ ಶುರುಮಾಡಿದೆ. ಎರಡನೆಯ ವಾರದಲ್ಲಿ ಅದನ್ನು ಮುಗಿಸಿ ಗ್ರೀಸಿಗೆ ಹಾರುವುದು ನನ್ನ ಯೋಜನೆ. ಅಷ್ಟರಲ್ಲಿ ಹೆಸ್ಟರ್ ಕೇಳಿದಳು, “ಅಪ್ಪ, ಸತ್ತ ರಾಜರು ಕೊಳೀದೆ ಇರ್ತಾರೆ ಅಂತೀಯಲ್ಲ, ಅದು ಹೆಂಗೆ?”

ನನಗೆ ಮಿಂಚು ಹೊಡೆದಂತಾಯಿತು. ನಮ್ಮಪ್ಪ ಪ್ರತಿ ಚಳಿಗಾಲದಲ್ಲೂ ಹಂದಿಯ ತೊಡೆಗೆ ಉಪ್ಪು ತಿಕ್ಕಿ, ನೀರು ಬಸಿದು, ಬಟ್ಟೆ ಸುತ್ತಿ, ಹೊಗೆಮನೆಯಲ್ಲಿ ನೇತುಹಾಕುತ್ತಿದ್ದರು. ಬೇಸಿಗೆ ಬಂದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ಈಜಿಪ್ಟಿನ ಮಹಾನಾಗರಿಕತೆಗೂ ನಮ್ಮಪ್ಪನ ಹೊಗೆಮನೆಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆಯೆಂದು ಕ್ಲಾಸಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ! ಹೇಳಿದ್ದರೆ ನಾನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ.

ಫ್ರಿಜ್ ತೆಗೆದೆ. ಕೋಳಿ ಇತ್ತು.

ಸಂಜೆ ಲೊರೀನ್ ಅಡುಗೆಮನೆಯಿಂದ ಕೂಗಿದಳು. “ವೆಂಡೆಲ್! ನನ್ನ ಸೂಪಿನ ಕೋಳಿ ಎಲ್ಲಿ?”

“ಕೋಳಿ ಅನ್ಬೇಡ. ಮಹಾರಾಜರು ತೀರಿಕೊಂಡಿದ್ದಾರೆ.”

“ಮಹಾರಾಜರನ್ನ ಯಾವ ಪಾತ್ರೆಯಲ್ಲಿ ಇಟ್ಟಿದೀಯ?”

“ನಿನ್ನ ದೊಡ್ಡ ಗಾಜಿನ ಪಾತ್ರೆಯಲ್ಲಿ.”

“ಅದು ಮದುವೆಗೆ ನಮ್ಮಮ್ಮ ಕೊಟ್ಟದ್ದು!”

“ಮತ್ತೆ? ಮಹಾರಾಜರನ್ನ ಪ್ಲಾಸ್ಟಿಕ್ ಡಬ್ಬದಲ್ಲಿ ಇಡೋಕಾಗುತ್ತಾ?”

ಅವಳು ಆ ರಾತ್ರಿ ಟೊಮೇಟೊ ಸೂಪ್ ಮಾಡಿದಳು. ಅದರಲ್ಲಿ ಉಪ್ಪಿರಲಿಲ್ಲ. ಉಪ್ಪೆಲ್ಲ ಮಹಾರಾಜರ ಮೈಮೇಲಿತ್ತು.

ಅಂತೂ ಕೋಳಿಗೆ ಈಜಿಪ್ಟಿನ ರಾಜರ ಹೆಸರಿನ ಧಾಟಿಯಲ್ಲಿ ‘ಮೊದಲನೆಯ ಕೊಕ್ಕೋಟೆಪ್’ ಎಂದು ನಾಮಕರಣವಾಯಿತು. “ಇದು ಹೆಣ್ಣು ಕೋಳಿ ಅಲ್ವಾ ಅಪ್ಪ?” ಎಂದು ರೂಫಸ್ ತಕರಾರು ತೆಗೆದ. “ಈಜಿಪ್ಟಲ್ಲಿ ಹೆಂಗಸರೂ ರಾಜರಾಗಿದ್ರು, ಗಡ್ಡ ಕಟ್ಕೋತಿದ್ರು,” ಎಂದು ಹೆಸ್ಟರ್ ಅವನ ಬಾಯಿ ಮುಚ್ಚಿಸಿದಳು. ವಾರಕ್ಕೊಮ್ಮೆ ಉಪ್ಪು ಬದಲಾಯಿಸಿದೆವು. ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಪುಡಿಗಳು ಲೊರೀನಳ ಕಪಾಟಿನಿಂದ ಮಹಾರಾಜರ ಹೊಟ್ಟೆಗೆ ವರ್ಗವಾದವು. ಹಳೆಯ ದಿಂಬಿನ ಚೀಲಗಳನ್ನು ಹರಿದು ಪಟ್ಟಿ ಸುತ್ತಿದೆವು. ಉಪ್ಪು ಮತ್ತು ಹಿಟ್ಟು ಕಲಸಿ ನೈಲ್ ನದಿಯ ನಕಾಶೆ ಮಾಡಿದೆವು. ಮನೆಯ ಹಿಂದಿನ ದನದ ಕೊಳಕ್ಕೆ ‘ನೈಲ್’ ಎಂದು ಬೋರ್ಡು ಬಿತ್ತು. ಸೂರ್ಯ ಹುಟ್ಟುವ ದಡ ಬದುಕಿದವರದು, ಮುಳುಗುವ ದಡ ಸತ್ತವರದು ಎಂದು ನಾನು ಕೊಳದ ಎರಡೂ ಕಡೆ ಓಡಾಡಿ ಅಭಿನಯಿಸಿ ತೋರಿಸಿದೆ. ಗೋರಿಯೊಳಗೆ ರಾಜರ ಜೊತೆ ಮಣ್ಣಿನ ಆಳುಬೊಂಬೆಗಳನ್ನು ಇಡುತ್ತಿದ್ದದ್ದು, ಆ ಲೋಕದಲ್ಲಿ ಅವು ಎದ್ದು ರಾಜರ ಬದಲು ಗೇಯುತ್ತಿದ್ದದ್ದು, ಕಳ್ಳರಿಗೆ ದಾರಿ ತಪ್ಪಿಸಲು ಸುಳ್ಳು ಕೋಣೆಗಳನ್ನು ಕಟ್ಟುತ್ತಿದ್ದದ್ದು, ಎಲ್ಲವನ್ನೂ ಹೇಳಿದೆ. ಗೋರಿ ಮುಟ್ಟಿದವನನ್ನು ನೀರಿನಲ್ಲಿ ಮೊಸಳೆ, ನೆಲದ ಮೇಲೆ ಹಾವು ಹಿಡಿಯಲಿ ಎಂಬ ಶಾಪವನ್ನು ಗಡುಸು ದನಿಯಲ್ಲಿ ಹೇಳಿಕೊಟ್ಟೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ. ರೈತರು ಸುಣ್ಣದ ವಿಷಯದಲ್ಲೂ ಕೇಳುವುದಿಲ್ಲ.

ಹೀಗಾಗಿ ಈಜಿಪ್ಟು ಮುಗಿಯಲೇ ಇಲ್ಲ. ಊಟದ ಕೋಣೆಯ ಗೋಡೆಗೆ ಕಾಲಪಟ್ಟಿ ಎಂದು ಉದ್ದನೆಯ ಕಾಗದ ಅಂಟಿಸಿದ್ದೆವು. ಫೆಬ್ರುವರಿಯಲ್ಲಿ ಈಜಿಪ್ಟು ಕಿಟಕಿ ದಾಟಿತು. ಮಾರ್ಚಿನಲ್ಲಿ ಬಾಗಿಲು ದಾಟಿತು. ಗ್ರೀಸ್, ರೋಮ್, ಚೀನಾ, ಎರಡು ಮಹಾಯುದ್ಧಗಳು, ಚಂದ್ರನ ಮೇಲೆ ಮನುಷ್ಯ, ಇಷ್ಟಕ್ಕೂ ಸೇರಿ ಫ್ರಿಜ್ಜಿನ ಹಿಂದೆ ಒಂದು ಗೇಣು ಜಾಗ ಉಳಿಯಿತು.

“ಗ್ರೀಸಿಗೆ ಯಾವಾಗ ಹೋಗ್ತೀರಿ?” ಎಂದು ಲೊರೀನ್ ಕೇಳುವಳು.

“ಮಹಾರಾಜರು ಒಣಗಲಿ, ಹೊರಡ್ತೀವಿ.”

ಮಹಾರಾಜರು ಒಣಗುವಷ್ಟರಲ್ಲಿ ಅತ್ತೆಯವರು ಸೂಟ್‌ಕೇಸು ಹಿಡಿದು ಬಂದಿಳಿದರು. ಅವತ್ತು ಗುಡ್ ಫ್ರೈಡೇ. ಭಾನುವಾರ ಈಸ್ಟರ್ ಊಟವಾದ ಮೇಲೆ ಪರೀಕ್ಷೆ. ನಾನು ಶನಿವಾರ ಬೆಳಿಗ್ಗೆ ಮಕ್ಕಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ತಿಂಡಿಯೊಳಗೆ ಗ್ರೀಸ್, ಊಟದೊಳಗೆ ರೋಮ್ ಮುಗಿಸಿದೆ. ಮಧ್ಯಯುಗವನ್ನು ಒಂದು ಸ್ಯಾಂಡ್‌ವಿಚ್ ತಿನ್ನುತ್ತಾ ದಾಟಿದೆವು. ಸಾಯಂಕಾಲ ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ ಇಬ್ಬರೂ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು.

“ಅಪ್ಪ, ಇದೆಲ್ಲ ಸಾಕು. ಮಹಾರಾಜರನ್ನ ಹೂಳೋದು ಯಾವಾಗ?” ಎಂದಳು ಹೆಸ್ಟರ್.

ನನ್ನ ತಲೆಯೊಳಗೆ ನೆಪೋಲಿಯನ್ ಓಡಾಡುತ್ತಿದ್ದ. “ನೀವೇ ಹೂಳಿ,” ಎಂದೆ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೇಷ್ಟರ ಗತ್ತು ಬಿಡಬೇಕಲ್ಲ! “ನೀವೇ ಅರ್ಚಕರು. ಆ ಲೋಕದಲ್ಲಿ ರಾಜರಿಗೆ ಏನೇನು ಬೇಕೋ ಎಲ್ಲ ಜೊತೆಗಿಡಿ. ಎಲ್ಲಿ ಹೂಳಿದ್ರಿ ಅಂತ ಯಾರಿಗೂ ಹೇಳ್ಬಾರ್ದು. ನನಗೂ ಹೇಳ್ಬಾರ್ದು. ಆಣೆ ಮಾಡಿ.”

ಇಬ್ಬರೂ ಎದೆಯ ಮೇಲೆ ಕೈ ಕಟ್ಟಿ ಆಣೆ ಮಾಡಿದರು.

ಈಸ್ಟರ್ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಮಕ್ಕಳಿಬ್ಬರೂ ಬುಟ್ಟಿ ಹಿಡಿದುಕೊಂಡು ಇಬ್ಬನಿಯಲ್ಲಿ ನಡೆದು ಬರುತ್ತಿದ್ದರು. ಹಬ್ಬಕ್ಕೆಂದು ಬಚ್ಚಿಟ್ಟ ಬಣ್ಣದ ಮೊಟ್ಟೆ ಹುಡುಕಲು ಹೋಗಿದ್ದಾರೆ, ಎಂಥ ಮುದ್ದು ಮಕ್ಕಳು ಎಂದುಕೊಂಡು ನಾನು ಸೂಟು ಹಾಕಿಕೊಂಡೆ. ಚರ್ಚಿಗೆ ಹೊರಡಲು ಟ್ರಕ್ಕಿನ ಕೀಲಿ ಹುಡುಕಿದೆ. ಮೊಳೆಯ ಮೇಲೆ ಇರಲಿಲ್ಲ. ಜೇಬಿನಲ್ಲಿ ಇರಲಿಲ್ಲ. ನಾಯಿಯ ಹಾಸಿಗೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಲೊರೀನ್ ಅತ್ತೆಯವರ ಕೋಣೆಯಿಂದ ಹೊರಗೆ ಬಂದಳು. ಅವಳ ಮುಖ ಅಳುವುದೋ ನಗುವುದೋ ತೀರ್ಮಾನವಾಗದೆ ನಡುಗುತ್ತಿತ್ತು.

“ವೆಂಡೆಲ್, ಅಮ್ಮ ಹೊರಗೆ ಬರೋಲ್ವಂತೆ.”

“ಯಾಕೆ? ಹುಷಾರಿಲ್ವಾ?”

“ಹಲ್ಲಿಲ್ಲ.”

“ಹಲ್ಲು ನೋವಾ?”

“ಹಲ್ಲೇ ಇಲ್ಲ! ರಾತ್ರಿ ಲೋಟದ ನೀರಲ್ಲಿ ಹಾಕಿಟ್ಟಿದ್ರು. ಬೆಳಿಗ್ಗೆ ನೋಡಿದ್ರೆ ಲೋಟ ಇದೆ, ನೀರಿದೆ, ಹಲ್ಲಿಲ್ಲ. ಮೇಲಿಂದೂ ಇಲ್ಲ, ಕೆಳಗಿಂದೂ ಇಲ್ಲ.”

ಅತ್ತೆಯವರಿಗೆ ಹಲ್ಲಿನ ಸೆಟ್ಟು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅಷ್ಟು ಖಚಿತವಾಗಿ ನನ್ನನ್ನು ಬೈದದ್ದು ಸ್ವಂತ ಹಲ್ಲಿನಿಂದಲೇ ಎಂದು ನಂಬಿದ್ದೆ. ನಾನೂ ಲೊರೀನೂ ಒಟ್ಟಿಗೆ ಮಕ್ಕಳ ಕಡೆ ತಿರುಗಿದೆವು. ಇಬ್ಬರೂ ಸೋಫಾದ ಮೇಲೆ ಕೈ ಕಟ್ಟಿ ಕೂತಿದ್ದರು. ಉಗುರಿನಲ್ಲಿ ಮಣ್ಣಿತ್ತು.

“ರೂಫಸ್,” ಎಂದೆ, “ಅಜ್ಜಿ ಹಲ್ಲು ಯಾಕೆ ತಗೊಂಡೆ?”

ರೂಫಸನಿಗೆ ಮುಂದಿನ ಎರಡು ಹಾಲುಹಲ್ಲು ಆಗತಾನೇ ಬಿದ್ದಿದ್ದವು. ತುಂಬ ಕನಿಕರದಿಂದ ಹೇಳಿದ: “ಕೋಳಿಗೆ ಹಲ್ಲೇ ಇರಲ್ಲ ಅಪ್ಪ. ಆ ಲೋಕದಲ್ಲಿ ಹಬ್ಬದೂಟ ಹಾಕ್ತಾರೆ ಅಂತ ನೀನೇ ಅಂದಿದ್ದೆ. ಮಹಾರಾಜರು ಏನ್ ಮಾಡ್ಬೇಕು ಪಾಪ? ನನಗೇ ಆಪಲ್ ಕಚ್ಚೋಕಾಗ್ತಿಲ್ಲ.”

“ಟ್ರಕ್ಕಿನ ಕೀಲಿ?”

“ರಥ ಬೇಡ್ವಾ? ಟ್ರಕ್ ಗುಂಡಿಯಲ್ಲಿ ಹಿಡಿಸಲಿಲ್ಲ.”

“ಎಲ್ಲಿ ಹೂಳಿದ್ರಿ?”

ಇಬ್ಬರೂ ತುಟಿಯನ್ನು ಒಳಕ್ಕೆ ಮಡಿಚಿಕೊಂಡರು.

“ಹೆಸ್ಟರ್, ಅಮ್ಮ ಕೇಳ್ತಿದೀನಿ. ಎಲ್ಲಿ?” ಎಂದಳು ಲೊರೀನ್.

“ಆಣೆ ಮಾಡಿದೀವಿ ಅಮ್ಮ. ಅಪ್ಪನೇ ಮಾಡಿಸಿದ್ದು.”

ಲೊರೀನ್ ನನ್ನ ಕಡೆ ಬೆರಳು ತೋರಿಸಿದಳು. “ಆಣೆ ಬಿಡಿಸು.”

“ಬಿಡಿಸಿದೀನಿ,” ಎಂದೆ.

“ಹಂಗೆಲ್ಲ ಬಿಡಿಸೋಕಾಗಲ್ಲ,” ಎಂದಳು ಹೆಸ್ಟರ್. “ರಾಜರು ಮಾತ್ರ ಬಿಡಿಸ್ಬಹುದು. ರಾಜರು ಗೋರಿಯಲ್ಲಿದಾರೆ.”

ನಾನು ಜೇಬಿನಿಂದ ದೊಡ್ಡ ಚಾಕೊಲೇಟ್ ಮೊಟ್ಟೆ ತೆಗೆದೆ. ಬಂಗಾರದ ಕಾಗದ ಸುತ್ತಿದ್ದದ್ದು. ರೂಫಸನ ಗಂಟಲು ಒಮ್ಮೆ ಏರಿ ಇಳಿಯಿತು. ಹೆಸ್ಟರ್ ಅವನ ಕಾಲು ತುಳಿದಳು. “ಕಳ್ಳರು ಕಾವಲುಗಾರರಿಗೆ ಹಿಂಗೇ ಲಂಚ ಕೊಡ್ತಿದ್ರು ಅಂತ ನೀನೇ ಹೇಳಿದ್ದಲ್ವಾ ಅಪ್ಪ? ಲಂಚ ತಗೊಂಡೋರ ಮೂಗು ಕತ್ತರಿಸ್ತಿದ್ರು ಅಂತಾನೂ ಹೇಳಿದ್ದೆ.”

ರೂಫಸ್ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡ. ಇಷ್ಟು ಚೆನ್ನಾಗಿ ಪಾಠ ಮಾಡಬಾರದಿತ್ತು.

ಸರಿ, ನಾನೇ ಹುಡುಕುತ್ತೇನೆ ಎಂದು ಗುದ್ದಲಿ ಹಿಡಿದು ಹೊರಟೆ. ಮಣ್ಣಿನ ಇಲಾಖೆಯವನಿಗೆ ಹೊಸದಾಗಿ ಕೆದಕಿದ ಮಣ್ಣು ಗೊತ್ತಾಗುವುದಿಲ್ಲವೇ? ಕೋಳಿಗೂಡಿನ ಪಕ್ಕ ನೆಲ ಮೆತ್ತಗಿತ್ತು. “ಸಿಕ್ಕಿತು!” ಎಂದು ಅಗೆದೆ. ಒಳಗೆ ಶೂ ಡಬ್ಬ. ಶೂ ಡಬ್ಬದೊಳಗೆ ಒಂದು ಮಣ್ಣಿನ ಬೊಂಬೆ. ಬೋಳುತಲೆ, ಮುಂದಕ್ಕೆ ಬಂದ ಹೊಟ್ಟೆ, ಕೈಯಲ್ಲಿ ಗುದ್ದಲಿ. ರಾಜರ ಬದಲು ಗೇಯುವ ಆಳು ಯಾರೆಂದು ಹೆಸರು ಬರೆಯದಿದ್ದರೂ ತಿಳಿಯಿತು.

ಸೇಬಿನ ಮರದ ಬುಡದಲ್ಲಿ ಇನ್ನೊಂದು ಕಡೆ ಮೆತ್ತಗಿತ್ತು. ಅಗೆದೆ. ಖಾಲಿ ಬಿಸ್ಕತ್ ಡಬ್ಬ. ತರಕಾರಿ ಮಡಿಯಲ್ಲಿ ಅಗೆದೆ. ಅಲ್ಲಿ ಲೊರೀನಳ ಬಟಾಣಿ ಆಗತಾನೇ ಮೊಳಕೆಯೊಡೆದಿತ್ತು, ಇನ್ನು ಒಡೆಯುವುದಿಲ್ಲ. ರಸ್ತೆಯಲ್ಲಿ ಚರ್ಚಿಗೆ ಹೋಗುತ್ತಿದ್ದ ಕಾರುಗಳು ನಿಧಾನವಾದವು. ಪಕ್ಕದ ತೋಟದ ಗ್ರೋವರ್ ಗಾಜು ಇಳಿಸಿ ಕೂಗಿದ, “ಏನಯ್ಯಾ ವೆಂಡೆಲ್, ಹಬ್ಬದ ದಿನ ಸೂಟು ಹಾಕ್ಕೊಂಡು ಅಗೀತಿದೀಯ? ಅತ್ತೆ ಬಂದಿದ್ರಲ್ಲ, ಚೆನ್ನಾಗಿದಾರಾ?”

ನಾನು ಗುಂಡಿಯ ಕಡೆ ನೋಡಿದೆ, ಗುದ್ದಲಿಯ ಕಡೆ ನೋಡಿದೆ, ಅವನ ಅನುಮಾನ ಅರ್ಥವಾಗಿ ಬೆವತುಹೋದೆ. “ಚೆನ್ನಾಗಿದಾರೆ! ಒಳಗಿದಾರೆ!” ಎಂದು ಕೂಗಿದೆ. ಅವನು ಇನ್ನೂ ನಿಧಾನವಾಗಿ ಹೋದ.

ಬಾಗಿಲು ತೆರೆದದ್ದು ಆಗಲೇ. ಅತ್ತೆಯವರು ಈಸ್ಟರಿನ ಟೋಪಿ ಇಟ್ಟುಕೊಂಡು, ಮೂಗಿನವರೆಗೆ ರೇಷ್ಮೆ ಸ್ಕಾರ್ಫ್ ಸುತ್ತಿಕೊಂಡು, ಮೆರವಣಿಗೆಯ ಆನೆಯ ಗಾಂಭೀರ್ಯದಲ್ಲಿ ಅಂಗಳಕ್ಕೆ ಇಳಿದರು. ಹಿಂದೆ ಲೊರೀನ್, ಅವಳ ಹಿಂದೆ ಅರ್ಚಕರಿಬ್ಬರು. ನಾನು ಮೊಣಕಾಲಷ್ಟು ಗುಂಡಿಯೊಳಗೇ ನೆಟ್ಟಗೆ ನಿಂತೆ.

ಅವರು ನನ್ನ ಗುಂಡಿಗಳನ್ನೆಲ್ಲ ಒಂದೊಂದಾಗಿ ನೋಡಿದರು. ಸ್ಕಾರ್ಫಿನೊಳಗಿಂದ ಗಾಳಿ ಸೋರುವ ದನಿ ಬಂತು. “ಮಿಫ್ಟರ್ ಟಾರ್ಬೆಟ್. ಮಕ್ಕಳಿಗೆ ಈಜಿಪ್ಟು ಕಲಿಫಿದ್ದು ನೀವೇ ಅಲ್ವಾ?”

“ಹೌದು, ಟೀಚರ್.”

“ಫೂರ್ಯ ಎಲ್ಲಿ ಮುಳುಗ್ತಾನೆ?”

ನಾನು ಪಶ್ಚಿಮಕ್ಕೆ ಕೈ ತೋರಿಸಿದೆ. ಕೈ ನೇರವಾಗಿ ಕೊಳದ ಆಚೆ ದಡವನ್ನು ತೋರಿಸುತ್ತಿತ್ತು. ಸತ್ತವರ ದಡ. ನಾನೇ ಕುಣಿದು ತೋರಿಸಿದ್ದ ದಡ. ಇಷ್ಟು ಹೊತ್ತು ನಾನು ಅಗೆದದ್ದೆಲ್ಲ ಬದುಕಿದವರ ದಡದಲ್ಲಿ. ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯವರಿಗೆ ಅಷ್ಟು ಸಾಕಾಯಿತು. ಟೋಪಿ ಸರಿಮಾಡಿಕೊಂಡು ಕೊಳವನ್ನು ಬಳಸಿ ಹೊರಟರು.

ಆಚೆ ದಡದಲ್ಲಿ ಹೆಸ್ಟರ್ ಅಡ್ಡ ನಿಂತಳು. “ಅಜ್ಜಿ, ನೀನು ಕಳ್ಳಿಯಾ, ಪುರಾತತ್ತ್ವದವಳಾ?”

“ವ್ಯತ್ಯಾಫ ಏನು ಹೇಳು ನೋಡೋಣ.”

“ಕಳ್ಳರು ಗುದ್ದಲಿಯಲ್ಲಿ ಗಡಿಬಿಡಿಯಿಂದ ಅಗೀತಾರೆ, ಎಲ್ಲಾ ಒಡೆದು ಹಾಕ್ತಾರೆ.” ಅವಳು ನನ್ನ ಕಡೆ ನೋಡಿದಳು. “ಪುರಾತತ್ತ್ವದವರು ಬ್ರಷ್ ಹಿಡ್ಕೊಂಡು ನಿಧಾನವಾಗಿ ತೆಗೀತಾರೆ. ಅವರಿಗೆ ಶಾಪ ತಟ್ಟಲ್ಲ.”

ಅತ್ತೆ ಲೊರೀನಳ ಕಡೆ ಕೈ ಚಾಚಿದರು. “ಬ್ರಫ್.”

ಲೊರೀನ್ ಓಡಿಹೋಗಿ ಪೈಗೆ ಬೆಣ್ಣೆ ಸವರುವ ಬ್ರಷ್ ತಂದಳು. ಅತ್ತೆಯವರು ಹಬ್ಬದ ಉಡುಪಿನಲ್ಲೇ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದರು. ಮೊಮ್ಮಕ್ಕಳು ಅತ್ತ ಒಬ್ಬರು ಇತ್ತ ಒಬ್ಬರು ಕೂತರು. ಕಲ್ಲಿನ ಬಾಗಿಲು ಸರಿಯಿತು (ನನ್ನ ಮಾಂಸ ಸುಡುವ ಗ್ರಿಲ್ಲಿನ ಮುಚ್ಚಳ, ಅದು ಕಾಣೆಯಾಗಿದ್ದೂ ನನಗೆ ಗೊತ್ತಿರಲಿಲ್ಲ). ಒಳಗೆ ಮೊದಲನೆಯ ಕೊಕ್ಕೋಟೆಪ್ ಮಹಾರಾಜರು ಬಿಳಿ ಪಟ್ಟಿಯಲ್ಲಿ, ಪಕ್ಕದಲ್ಲಿ ಟ್ರಕ್ಕಿನ ಕೀಲಿ ಇಟ್ಟುಕೊಂಡು ಪವಡಿಸಿದ್ದರು. ಅವರಿಗೆ ತಲೆ ಇರಲಿಲ್ಲವಲ್ಲ, ಮಕ್ಕಳು ಕಾಗದದ ಮುದ್ದೆಯಿಂದ ತಲೆ ಮಾಡಿ, ಚಿನ್ನದ ಬಣ್ಣ ಬಳಿದು, ಕೊಕ್ಕಿನ ಕೆಳಗೆ ಅಗಲವಾದ ಬಾಯಿ ಕೊರೆದಿದ್ದರು. ಆ ಬಾಯಿಯ ತುಂಬ ಬಿಳಿಯ, ಸಾಲಾದ, ನಿಷ್ಠುರವಾದ ಹಲ್ಲು. ಶಾಲೆಯಲ್ಲಿ ನನ್ನ ಉತ್ತರಪತ್ರಿಕೆ ಹಿಂದಿರುಗಿಸುವಾಗ ನಾನು ಕಂಡಿದ್ದ ಅದೇ ನಗು. ಅತ್ತೆಯವರ ನಗುವಿನಿಂದ ಮಹಾರಾಜರು ಅತ್ತೆಯವರನ್ನೇ ನೋಡಿ ನಗುತ್ತಿದ್ದರು.

ಎಲ್ಲರೂ ಅತ್ತೆಯವರ ಕಡೆ ನೋಡಿದೆವು. ಸ್ಕಾರ್ಫ್ ಅಲುಗಾಡತೊಡಗಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಅತ್ತೆಯವರು ಸ್ಕಾರ್ಫ್ ಕಿತ್ತೆಸೆದು, ಬೊಚ್ಚುಬಾಯಿ ಪೂರ್ತಿ ತೆರೆದು, ಹುಲ್ಲಿನ ಮೇಲೆ ಕೈಯೂರಿ ನಕ್ಕರು. ಅವರು ಮನಸಾರೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ನಗು ಬಂತು. ನಾನು ನಕ್ಕ ತಕ್ಷಣ ಅವರು ನಿಲ್ಲಿಸಿದರು.

ಲೊರೀನ್ ಹಲ್ಲನ್ನು ಏನೇನೋ ದ್ರಾವಣದಲ್ಲಿ ಅದ್ದಿ, ತಿಕ್ಕಿ, ತೊಳೆದು, ಮತ್ತೆ ಅದ್ದಿ ಕೊಟ್ಟಳು. ಅಷ್ಟು ಹೊತ್ತಿಗೆ ಹಂದಿಮಾಂಸ ಓವನ್ನಿನಲ್ಲಿ ಒಣಗಿ ಮಹಾರಾಜರಂತೆಯೇ ಆಗಿತ್ತು. ಅದನ್ನೇ ಜಗಿದೆವು. ಊಟವಾದ ಮೇಲೆ ಅತ್ತೆ ಕನ್ನಡಕ ಏರಿಸಿದರು. ಗುಂಡಿ, ಹಲ್ಲು, ಬಟಾಣಿ ಎಲ್ಲ ಪಕ್ಕಕ್ಕಿರಲಿ. ಮಕ್ಕಳು ಮನೆಯಲ್ಲೇ ಉಳಿಯುತ್ತಾರೋ ಇಲ್ಲವೋ ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ.

ಈಜಿಪ್ಟಿನ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಮಕ್ಕಳು ಸರಿಯಾಗಿ ಹೇಳಿದರು. ಕೇಳದ್ದನ್ನೂ ಹೇಳಿದರು. ಮೆದುಳನ್ನು ಮೂಗಿನಿಂದ ಹೇಗೆ ತೆಗೆಯುತ್ತಾರೆಂದು ರೂಫಸ್ ವಿವರಿಸುವಾಗ ಲೊರೀನ್ ಪೈ ತಟ್ಟೆಯನ್ನು ದೂರ ತಳ್ಳಿದಳು.

“ಭೇಷ್. ಈಜಿಪ್ಟ್ ಆದಮೇಲೆ ಏನು ಬಂತು?” ಎಂದರು ಅತ್ತೆ.

ರೂಫಸ್ ಯೋಚಿಸಿದ. “ಈಸ್ಟರ್ ಬಂತು.”

“ಹೆಸ್ಟರ್, ರೋಮ್ ಹೇಗೆ ಬಿತ್ತು?”

“ಗೊತ್ತಿಲ್ಲ ಅಜ್ಜಿ. ನಿನ್ನೆ ಬೀಳೋ ಹೊತ್ತಿಗೆ ಅಮ್ಮ ಊಟಕ್ಕೆ ಕರೆದ್ರು.”

ನಾನು ತಲೆ ತಗ್ಗಿಸಿದೆ. ಗೇಟು ಕಣ್ಣಮುಂದೆ ಬಂತು. “ಟೀಚರ್,” ಎಂದೆ, “ತಪ್ಪೆಲ್ಲ ನಂದು. ಒಂದು ವರ್ಷ ಟೈಮ್ ಕೊಡಿ. ಮಕ್ಕಳನ್ನ ಕಳಿಸ್ಬೇಡಿ.”

ಅತ್ತೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಷ್ಟು ವರ್ಷ ಈಜಿಪ್ಟು ಕಲಿಸಿದೆ,” ಎಂದರು. “ನನ್ನ ಒಬ್ಬ ವಿದ್ಯಾರ್ಥಿಯೂ ಅದನ್ನ ನಂಬಲಿಲ್ಲ. ಬರೆದ್ರು, ಮರೆತ್ರು. ಇವರು ನಂಬಿದಾರೆ. ಆಣೆ ಮುರೀಲಿಲ್ಲ, ಲಂಚ ತಗೊಳ್ಳಲಿಲ್ಲ. ಮಕ್ಕಳು ಪಾಸು. ಶಾಲೆಗೆ ಹೋಗ್ಬೇಕಾಗಿಲ್ಲ.”

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಮಕ್ಕಳನ್ನು ತಬ್ಬಿಕೊಂಡೆ. ಲೊರೀನ್ ಕಣ್ಣೊರೆಸಿಕೊಂಡಳು. ಒಂದು ಕ್ಷಣ ನಾನು ಅತ್ತೆಯವರನ್ನೂ ತಬ್ಬಿಕೊಳ್ಳುವವನಿದ್ದೆ.

“ಕೂತ್ಕೊಳ್ಳಿ ಮಿಸ್ಟರ್ ಟಾರ್ಬೆಟ್, ನಾನು ಮುಗಿಸಿಲ್ಲ. ಮಕ್ಕಳು ಪಾಸು. ಮೇಷ್ಟ್ರು ಫೇಲು. ಮೂರು ತಿಂಗ್ಳು ಕಲಿಸಿದ ಪಾಠ ಗುದ್ದಲಿ ಹಿಡಿದ ತಕ್ಷಣ ಮರೆತುಹೋಯ್ತು. ಇಂಥವರ ಕೈಲಿ ರೋಮ್ ಬಿಟ್ರೆ ರೋಮಿಗೆ ಇನ್ನೊಂದು ಸಲ ಬೀಳೋ ಗತಿ. ಲೊರೀನ್, ಹೊಲಿಗೆ ಮಿಷನ್ ಇರೋ ಕೋಣೆ ಖಾಲಿ ಇದೆಯಲ್ಲ?”

“ಇದೆ ಅಮ್ಮ,” ಎಂದಳು ಲೊರೀನ್. ಅಷ್ಟು ಬೇಗ ಯಾಕೆ ಹೇಳಿದಳೋ!

“ಈ ವಾರವೇ ಸಾಮಾನು ತರ್ತೀನಿ. ಇನ್ಮುಂದೆ ಚರಿತ್ರೆ ನಾನೇ ಕಲಿಸ್ತೀನಿ.”

“ಎಷ್ಟು ದಿನ, ಟೀಚರ್?” ನನ್ನ ದನಿ ನನಗೇ ಕೇಳಿಸಲಿಲ್ಲ.

“ಜಗತ್ತಿನ ಚರಿತ್ರೆ ಮುಗಿಯೋವರೆಗೆ.”

ಮಕ್ಕಳು ಕುಣಿದಾಡಿದರು. ಅತ್ತೆಯವರ ಹಾಸಿಗೆ, ಅವರ ಆರಾಮಕುರ್ಚಿ, ಅವರ ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ನನ್ನ ಟ್ರಕ್ಕಿನಲ್ಲಿ ನಾನೇ ಹೊತ್ತು ತಂದೆ. ಊಟದ ಮೇಜಿಗೆ ಮೂರು ಪೆನ್ಸಿಲ್ ಬಂದವು. ಎರಡೇ ಮಕ್ಕಳಿಗೆ ಮೂರು ಯಾಕೆಂದು ನಾನು ಕೇಳಲೂ ಇಲ್ಲ. ಅತ್ತೆಯವರು ಕುರ್ಚಿ ತೋರಿಸಿದರು, ಕೂತೆ. “ಬುನಾದಿ ಗಟ್ಟಿಯಿಲ್ಲದವರೂ ಬರೀಬೇಕು,” ಎಂದರು.

ಮೊದಲ ಪರೀಕ್ಷೆ ಗ್ರೀಸಿನ ಮೇಲೆ. ಲೊರೀನ್ ಒಲೆಯ ಹತ್ತಿರ ನಿಂತು ಬೆನ್ನು ತಿರುಗಿಸಿಕೊಂಡು ನಗು ತಡೆಯಲಾರದೆ ಕುಲುಕುತ್ತಿದ್ದಳು. ನಾನು ಪೆನ್ಸಿಲ್ ಕಚ್ಚುತ್ತಾ ಛಾವಣಿ ನೋಡಿದೆ, ನಾಯಿಯನ್ನು ನೋಡಿದೆ, ಕಿಟಕಿ ನೋಡಿದೆ. ಆಗ ರೂಫಸ್ ಕೈ ಎತ್ತಿದ.

“ಅಜ್ಜೀ! ಅಪ್ಪ ನನ್ನ ಹಾಳೆ ನೋಡ್ಕೊಂಡು ಬರೀತಿದಾನೆ!”

ಅತ್ತೆಯವರು ಕೆಂಪು ಪೆನ್ನು ಹಿಡಿದು ಎದ್ದರು. ಇದು ಶುದ್ಧ ಅಪವಾದ ಎಂದು ಓದುಗರ ಮುಂದೆಯಾದರೂ ಹೇಳಿಕೊಳ್ಳುತ್ತೇನೆ. ಪ್ಯಾರಿಸನ್ನು ಮಿಸೌರಿಯಲ್ಲಿ ಇಟ್ಟವನ ಹಾಳೆ ನೋಡಿ ಬರೆಯುವಷ್ಟು ದಡ್ಡ ನಾನಲ್ಲ. ನಾನು ನೋಡುತ್ತಿದ್ದದ್ದು ಹೆಸ್ಟರಳದನ್ನು.